ದಕ್ಷಿಣಾಮೂರ್ತಿಯವರು ಶೂ ಬಿಚ್ಚಿಟ್ಟ ಬಾಗಿಲು

ಕೃತಕ ಕಾಲು ಮಾಡಬಲ್ಲವರು ದೆಹಲಿಯ ಸುತ್ತಮುತ್ತ ಅನೇಕರಿದ್ದಾರೆ. ಆ ಕಾಲು ಯಾವ ನೆಲದ ಮೇಲೆ ನಿಲ್ಲಬೇಕೆಂದು ಕೇಳುವುದನ್ನು ಕಲಿತು, ಕೊನೆಯವರೆಗೂ ಮರೆಯದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. 1977ರಲ್ಲಿ ಮೈಸೂರಿನಿಂದ ಫರೀದಾಬಾದಿನ ನಮ್ಮ ಕೃತಕ ಅಂಗ ಕೇಂದ್ರಕ್ಕೆ ಬಂದ ಶ್ರೀ ದಕ್ಷಿಣಾಮೂರ್ತಿಯವರು ಈ ಮಾರ್ಚಿನಲ್ಲಿ, ಮೂವತ್ತೆರಡು ವರ್ಷಗಳ ಸೇವೆಯ ನಂತರ ನಿವೃತ್ತರಾಗುತ್ತಿದ್ದಾರೆ. ರೋಗಿಗಳ ವಿವರ ಬರೆದುಕೊಳ್ಳುವ ಮೇಜಿನಿಂದ ಹದಿನೇಳು ವರ್ಷ ಅವರನ್ನು ನೋಡಿದವಳು ನಾನು.

ಜನವರಿಯ ಚಳಿಯಲ್ಲಿ ಅಳತೆಯ ಅಚ್ಚು ತೆಗೆಯುವಾಗ ಅವರು ಪ್ಲಾಸ್ಟರಿನ ನೀರನ್ನು ಬೆಚ್ಚಗೆ ಮಾಡಿಸಿ, ತಮ್ಮ ಮಣಿಕಟ್ಟಿನ ಮೇಲೆ ಸುರಿದು ನೋಡುತ್ತಿದ್ದರು. ಬೆಚ್ಚನೆಯ ನೀರಿಗೆ ಪ್ಲಾಸ್ಟರ್ ಬೇಗ ಗಟ್ಟಿಯಾಗುತ್ತದೆ, ಕೈ ಓಡಬೇಕಾಗುತ್ತದೆ. ಆ ಕಷ್ಟ ತಮಗಿರಲಿ ಎಂದುಕೊಂಡವರು ಅವರು.

2003ರಲ್ಲಿ ಬಸ್ ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಬಲಗಾಲು ಕಳೆದುಕೊಂಡ ಅಣ್ಣು ಬಂದರು. ಉಡುಪಿ ಕಡೆಯವರು; ತಂಗಿಯ ಗಂಡ ತಿಲಕ್ ಇಲ್ಲೇ ನಡೆಸುವ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರು. "ಇನ್ನು ಗಲ್ಲಾದಲ್ಲಿ ಕೂತ್ಕೊಳ್ಳಿ, ಭಾವ" ಎಂದು ತಿಲಕ್ ಹೇಳಿದರೆ, "ಕೂರ್ಲಿಕ್ಕೆ ಕಾಲು ಎಂತಕ್ಕೆ ಮಾರಾಯ?" ಎಂದು ನಮ್ಮೆದುರೇ ಗದರಿದರು.

ಹೊಸ ಕಾಲಿಗೆ ಶೂ ತೊಡಿಸಿ ನಡೆಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎರಡೇ ವಾರಕ್ಕೆ ಅಣ್ಣು ಊರುಗೋಲಿನಲ್ಲಿ ಬಂದು, ಚೀಲದಲ್ಲಿದ್ದ ಕಾಲನ್ನು ಮೇಜಿನ ಮೇಲಿಟ್ಟರು. "ಕಾಲು ಒಳ್ಳೆದುಂಟು ಸರ್. ನಾನೇ ಆಗ್ಲಿಲ್ಲ. ಕಾವಲಿ ಎದುರು ನಿಂತ್ರೆ ಹಿಂದಕ್ಕೆ ಬೀಳ್ತೇನೆ. ಗಲ್ಲಾವೇ ಗತಿ."

ಮರುದಿನ ಬೆಳಿಗ್ಗೆ ದಕ್ಷಿಣಾಮೂರ್ತಿಯವರು ಆ ಕಾಲನ್ನು ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹೋಟೆಲಿಗೆ ಹೋದರು. ಅಡುಗೆಮನೆಯ ಹೊಸ್ತಿಲ ಹೊರಗೆ ಚಪ್ಪಲಿಗಳ ಸಾಲು; ಒಳಗೆ ಅರಿಶಿನ ಕುಂಕುಮ ಹಚ್ಚಿದ ಒಲೆ. ಒಲೆಗೆ ಪೂಜೆ ಮಾಡುವ ಆ ಮನೆಯವರು ಮೆಟ್ಟು ಹಾಕಿಕೊಂಡು ಒಳಗೆ ಕಾಲಿಡುವುದಿಲ್ಲ. ಕಾಲು ತೊಟ್ಟು ಬಂದ ಅಣ್ಣು ಹೊಸ್ತಿಲಲ್ಲಿ ಶೂ ಬಿಚ್ಚಿದರು. ಶೂವಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿದ ಕಾಲು ಬರಿನೆಲದಲ್ಲಿ ಅವರನ್ನು ಹಿಂದಕ್ಕೆ ತಳ್ಳುತ್ತಿತ್ತು.

"ಶೂ ಹಾಕ್ಕೊಂಡೇ ನಿಲ್ಲಲಿ ಸರ್, ದೇವ್ರು ಎಂತ ಹೇಳುದಿಲ್ಲ" ಎಂದರು ತಿಲಕ್. ಅಣ್ಣು ತಲೆತಗ್ಗಿಸಿದರು.

"ಬೇಡ" ಎಂದರು ದಕ್ಷಿಣಾಮೂರ್ತಿಯವರು. ತಮ್ಮ ಕಪ್ಪು ಶೂ ಬಿಚ್ಚಿಟ್ಟು ಒಳಗೆ ಬಂದು, ಆ ಒದ್ದೆ ನೆಲದಲ್ಲಿ ಅಣ್ಣುವಿನ ಪಾದದ ಬಳಿ ಕುಳಿತರು. "ತಪ್ಪು ನಂದು. ನೀವು ಎಲ್ಲಿ ನಿಲ್ತೀರಿ ಅಂತ ನಾನು ಕೇಳಲೇ ಇಲ್ಲ."

ಇಪ್ಪತ್ತಾರು ವರ್ಷ ನುರಿತವರೊಬ್ಬರು ಹಾಗೆ ನೆಲಕ್ಕೆ ಕುಳಿತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬರಿಗಾಲಿಗೆ ಹೊಂದುವಂತೆ ಕಾಲನ್ನು ಮತ್ತೆ ಕೂರಿಸಿದರು. ಬೀದಿಗೆಂದು ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಹೊಲಿಸಿಕೊಟ್ಟರು.

ಅಂದಿನಿಂದ ನಮ್ಮ ಫಾರಂನ ಮೇಲ್ತುದಿಯಲ್ಲಿ ನನ್ನ ಕೈಯಿಂದ ಒಂದು ಪ್ರಶ್ನೆ ಬರೆಸುತ್ತಿದ್ದರು: ಬರಿಗಾಲಿನಲ್ಲಿ ಎಲ್ಲಿ ನಿಲ್ಲುತ್ತೀರಿ? ಕೊಡಗಿನ ಯೋಧ ಮೇದಪ್ಪನವರು "ಮಗಳ ಮದುವೆಯಲ್ಲಿ" ಎಂದಿದ್ದರು.

ಕಳೆದ ತಿಂಗಳು ನಾವಿಬ್ಬರೂ ಆ ಹೋಟೆಲಿಗೆ ಹೋದಾಗ ಅಣ್ಣು ಕಾವಲಿಯ ಮುಂದೆಯೇ ಇದ್ದರು. ದಕ್ಷಿಣಾಮೂರ್ತಿಯವರ ಕಣ್ಣು ಅಭ್ಯಾಸದಂತೆ ಅವರ ಪಾದಕ್ಕೆ ಹೋಯಿತು. "ಮೊದ್ಲು ದೋಸೆ ತಿನ್ನಿ ಸರ್, ಆರ್ತದೆ. ಕಾಲು ಎಲ್ಲಿಗೂ ಹೋಗುದಿಲ್ಲ!" ಎಂದರು ಅಣ್ಣು.

ಈ ಹಿರಿಯರು ನೂರು ಕಾಲ ಆರೋಗ್ಯದಿಂದಿರಲಿ. ಇನ್ನೂ ಬಹಳ ಅಡುಗೆಮನೆಗಳ ಹೊಸ್ತಿಲ ಹೊರಗೆ ಅವರ ಆ ಕಪ್ಪು ಶೂಗಳು ಕಾಣುತ್ತಿರಲಿ.