ನೆಟ್ ಹೋತು, ಯಾರ್ರಿ?

ಹಾನಗಲ್ಲಿನಿಂದ ನಾವು ಹೊರಟಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹಳೆಯ ವ್ಯಾನಿನ ಸ್ಟೇರಿಂಗ್ ಹಿಡಿದವಳು ನಮ್ಮ ಅಕ್ಕ. ಅವಳ ಪಕ್ಕದ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು, ಕೇಬಲ್ ಪರೀಕ್ಷಿಸುವ ಯಂತ್ರ ಕೂತಿತ್ತು. ನಾನು ಹಿಂದೆ, ವೈರಿನ ಸುರುಳಿಗಳ ನಡುವೆ. "ಅದು ಬಿದ್ರ ಒಡೀತೈತಿ, ನೀ ಬಿದ್ರ ಏನೂ ಆಗೂದಿಲ್ಲ" ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು.

ಅಕ್ಕನದು ಸಣ್ಣ ಇಂಟರ್‌ನೆಟ್ ಕಂಪನಿ. ಮೊದಲು ಮನೆಮನೆಗೆ ಟೀವಿ ಕೇಬಲ್ ಕೊಡುತ್ತಿದ್ದಳು, ಈಗ ನೆಟ್ ಕೊಡುತ್ತಾಳೆ. ನಾನು ಅವಳ ತಮ್ಮ, ಆ ಒಂದೇ ಅರ್ಹತೆಯ ಮೇಲೆ ಕಂಪನಿಯ ತಾಂತ್ರಿಕ ಮುಖ್ಯಸ್ಥ. ಸರ್ಕಾರ ತನ್ನ ಖರ್ಚಿನಲ್ಲಿ ಹಳ್ಳಿಹಳ್ಳಿಗೆ ಫೈಬರ್ ಎಳೆಸುತ್ತಿದೆ. ಪಂಚಾಯಿತಿಯವರೆಗೆ ಬಂದ ಲೈನನ್ನು ಮನೆಗಳಿಗೆ ಮುಟ್ಟಿಸುವ ಕೆಲಸ ನಮ್ಮಂಥವರಿಗೂ ಸಿಗಬಹುದು. ಆದರೆ ಒಂದು ಷರತ್ತು: ಲೈನ್ ಕಡಿದರೆ ಗೊತ್ತುಪಡಿಸಿದ ತಾಸುಗಳೊಳಗೆ ಸರಿಮಾಡುತ್ತೇವೆಂದು ಸಹಿ ಹಾಕಬೇಕು. ಹಾಕಿ ತಪ್ಪಿದರೆ ದಂಡ. ಹಾಕದಿದ್ದರೆ ಯಾವುದೋ ದೊಡ್ಡ ಕಂಪನಿ ಬಂದು ನಮ್ಮನ್ನು ಸುರುಳಿ ಸುತ್ತಿ ಮೂಲೆಗೆ ಇಡುತ್ತದೆ. ಅದಕ್ಕೇ ಸಹಿಗೆ ಮೊದಲು ಲೈನುಗಳನ್ನೆಲ್ಲ ಕಣ್ಣಾರೆ ನೋಡಿ ಬರಲು ಅಕ್ಕ ಹೊರಟಿದ್ದಳು.

ಮೊದಲ ದಿನ ಶಿಗ್ಗಾಂವ ಮತ್ತು ಸವಣೂರು. ಶಿಗ್ಗಾಂವದ ಹೈವೇ ಪಕ್ಕದ ಅಂಗಡಿಯಲ್ಲಿ ಮಿರ್ಚಿ, ಗಿರಮಿಟ್ಟು ತಿಂದೆವು. ಆ ಕಡೆಯ ಒಂದು ಪಂಚಾಯಿತಿಯಲ್ಲಿ ನಾನು ಯಂತ್ರ ಜೋಡಿಸಿ, ಗಂಟಲು ಸರಿಮಾಡಿಕೊಂಡು, "ಈ ಲೈನು ಪೂರ್ತಿ ಸತ್ತಿದೆ" ಎಂದು ಘೋಷಿಸಿದೆ. ಅಕ್ಕ ಬಂದು ವೈರಿನ ತುದಿಗಿದ್ದ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆದಳು. ಲೈನು ಬದುಕಿತು. ಅಲ್ಲಿದ್ದ ಗುಮಾಸ್ತರು ನನ್ನನ್ನು ನೋಡಿ ಚಹಾ ತರಿಸಿದರು, ಪಾಪ ಎನ್ನಿಸಿರಬೇಕು.

ಹತ್ತಿಮತ್ತೂರು ದಾಟಿ ಒಳಗಿನ ಒಂದು ಹಳ್ಳಿಯಲ್ಲಿ ಫೈಬರ್ ಬಂದು ಮುಟ್ಟುವ ಪಂಚಾಯಿತಿ ಕೋಣೆಯ ಬೀಗ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಕುಟ್ಟಿ ತೆಗೆದೆವು. ಒಳಗೆ ಕತ್ತಲೆ, ಜೇಡರ ಬಲೆ, ಇಲಿಯ ವಾಸನೆ. ಯಾರೂ ಬಳಸದ ಆ ಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆಯ ಹಸಿರು ದೀಪ ಪಟಪಟ ಮಿನುಗುತ್ತಿತ್ತು. ಆಚೆ ಯಾರೋ ಇದ್ದಾರೆ, ಇದು ಅವರಿಗೆ ಉತ್ತರ ಕೊಡುತ್ತಿದೆ ಎನ್ನುವ ಹಾಗೆ. "ಇದು ಇಷ್ಟು ವರ್ಷ ಯಾರ ಜೋಡಿ ಮಾತಾಡಾಕತ್ತೈತಿ?" ಎಂದೆ. "ನಿನ್ನಂಥಾವ್ರ ಜೋಡಿ, ಕೆಲಸ ಇಲ್ಲದವ್ರ ಜೋಡಿ" ಎಂದಳು ಅಕ್ಕ. ಆದರೆ ಬಾಗಿಲು ಹಾಕುವಾಗ ಅವಳೂ ಒಮ್ಮೆ ಹಿಂತಿರುಗಿ ನೋಡಿದಳು.

ಎರಡನೆಯ ದಿನ ಹಿರೇಕೆರೂರು ತಾಲೂಕು. ಹಂಸಭಾವಿ ದಾಟಿ, ಗೋವಿನಜೋಳದ ಹೊಲಗಳ ನಡುವೆ ಬಹಳ ಹೊತ್ತು ಕುಲುಕಾಡಿ, ಮಧ್ಯಾಹ್ನದ ಮೇಲೆ ಕೊನೆಯ ಹಳ್ಳಿ ಮುಟ್ಟಿದೆವು. ಊರಿನ ಹೆಸರು ಬರೆಯುವುದಿಲ್ಲ. ಅಕ್ಕನಿಗೆ ಚಿಂತೆಯಿದ್ದದ್ದು ಇದೇ ಊರಿನದು. ಇಲ್ಲಿಯ ಲೈನು ಮತ್ತೆ ಮತ್ತೆ ಕಡಿಯುತ್ತಿತ್ತು, ಕಾರಣ ನಮಗೆ ತಿಳಿದಿರಲಿಲ್ಲ. ಇದನ್ನು ನಂಬಿ ಸಹಿ ಹಾಕುವುದೋ ಬಿಡುವುದೋ ಇವತ್ತೇ ತೀರ್ಮಾನವಾಗಬೇಕಿತ್ತು.

ಪಂಚಾಯಿತಿ ಸದಸ್ಯ ಚನ್ನಬಸಪ್ಪನವರು ಕೋಣೆ ತೆಗೆದು "ಬರ್ರಿ, ಕುಂತ್ರಿ" ಎಂದರು. ಅಕ್ಕ ಕೇಬಲ್ಲಿನೊಳಗಿನ ಒಂದು ಖಾಲಿ ಎಳೆಗೆ ಯಂತ್ರ ಜೋಡಿಸಿದಳು. ಪರದೆಯ ಮೇಲೆ ಒಂದು ಗೆರೆ ಮೂಡಿತು. ಲೈನಿನಲ್ಲಿ ಎಲ್ಲೆಲ್ಲಿ ಕಡಿದು ಬೆಸೆದಿದ್ದಾರೋ ಅಲ್ಲಲ್ಲಿ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಇಲ್ಲಿ ಒಂದೇ ಜಾಗದಲ್ಲಿ, ಸಾಲಾಗಿ, ಒತ್ತೊತ್ತಾಗಿ ಮೆಟ್ಟಿಲುಗಳು.

"ಇದು ಯಾವ ಜಾಗಾರಿ? ಊರ ಹೊರಗ, ಪಡುವಲಕ?" ಎಂದಳು ಅಕ್ಕ, ಯಂತ್ರ ತೋರಿಸಿದ ದೂರ ನೋಡಿ.

ಚನ್ನಬಸಪ್ಪನವರು ಕನ್ನಡಕ ಏರಿಸಿ ಬಾಗಿದರು. "ರುದ್ರಭೂಮಿರಿ. ಕೇಬಲ್ಲು ಅಲ್ಲೇ ಮಣ್ಣಾಗ ಹಾದೈತಿ, ಭಾಳ ಆಳ ಇಲ್ಲ. ನಾವು ಹೂಳಾವ್ರು. ಸಾಲು ಹಿಡಿದು ಕುಣಿ ತಗೀತಾರ, ಪ್ರತಿ ಕುಣಿಗೂ ವೈರು ಸಿಕ್ಕು ಕಡೀತೈತಿ." ಆಮೇಲೆ ಒಂದೊಂದೇ ಮೆಟ್ಟಿಲಿನ ಮೇಲೆ ಬೆರಳಿಟ್ಟರು. "ಇದು ನಮ್ಮ ದೊಡ್ಡಪ್ಪ. ಇದು ಬಸಮ್ಮ. ಇದು ಹೂಗಾರ ಸಿದ್ದಪ್ಪ... ಹೌದ ನೋಡ್ರಿ, ಎಲ್ಲಾರೂ ಅದಾರ."

ನಾನು ತಾಂತ್ರಿಕ ಮುಖ್ಯಸ್ಥನಿಗೆ ಒಪ್ಪುವ ಧೈರ್ಯದಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಕಾಲಿಗೆ ವೈರು ತೊಡರಿತು. ಗೋಡೆಯ ಪೆಟ್ಟಿಗೆ ನೆಲಕ್ಕೆ ಬಿತ್ತು, ದೀಪ ಕೆಂಪಾಯಿತು. ಟವರಿಲ್ಲದ ಊರಿಗೆಲ್ಲ ವೈಫೈ ಕೊಡುತ್ತಿದ್ದುದು ಅದೇ ಪೆಟ್ಟಿಗೆ; ಇಡೀ ಊರಿನ ನೆಟ್ ಹೋಯಿತು.

ಗಾಬರಿಯಲ್ಲಿ ವೈರನ್ನು ಯಾವ ತೂತಿಗೆ ಹಾಕಬೇಕೋ ಅದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಹಾಕಿ ನೋಡಿದೆ. "ಸರಿ ಆಕಡೆ, ಇಲ್ಲಂದ್ರ ಮತ್ತೊಂದು ಒಡೀತಿ!" ಎಂದು ಅಕ್ಕ ಬೈದು ನನ್ನನ್ನು ಹೊರಗೆ ನೂಕಿದಳು.

ಹೊರಗೆ ಬಂದವನು ಅಲ್ಲೇ ನಿಂತೆ. ಓಣಿಯ ಉದ್ದಕ್ಕೂ, ಒಂದೊಂದು ಬಾಗಿಲಲ್ಲೂ ಜನ ಬಂದು ನಿಂತಿದ್ದರು. ಕೈಯಲ್ಲಿ ಮೊಬೈಲು, ಕಣ್ಣು ಮಾತ್ರ ಎದುರು ಮನೆಯ ಮೇಲೆ. ಪ್ರತಿ ಮನೆಯೂ ಇನ್ನೊಂದು ಮನೆಯನ್ನು ನೋಡುತ್ತಿತ್ತು. ಕೊನೆಗೆ ಒಬ್ಬ ಹೆಂಗಸು ಮೆಲ್ಲಗೆ ಕೇಳಿದಳು: "ನೆಟ್ ಹೋತು. ಯಾರ್ರಿ?"

ಪಕ್ಕದ ಮನೆಯ ಕಟ್ಟೆಗೆ ಒಬ್ಬ ಮುದುಕಿ ಬಂದು ಕೂತಳು. ಇಸ್ತ್ರಿ ಮುರಿಯದ ಇಳಕಲ್ಲ ಸೀರೆ, ಹಣೆ ತುಂಬ ವಿಭೂತಿ. ಊರಿಗೆಲ್ಲ ಹಿರಿಯಳಾದ ಗಂಗವ್ವ ಎಂದು, ನನ್ನ ಹಿಂದೆಯೇ ಹೊರಬಂದಿದ್ದ ಚನ್ನಬಸಪ್ಪನವರು ಪಿಸುಗುಟ್ಟಿದರು.

"ಮತ್ಯಾರೂ ಅಲ್ಲಂದ್ರ ನಂದ ಪಾಳಿ ಇರಬೇಕು" ಎಂದಳು ಗಂಗವ್ವ. "ಅದಕ್ಕ ಸೀರಿ ಉಟಗೊಂಡು ಬಂದೇನಿ."

"ಯಾರೂ ಅಲ್ಲಬೇ ಅವ್ವಾ, ನನ್ನ ಕಾಲು! ನಾ ಎಡವಿದೆ!" ಎಂದು ಒದರಿದೆ. ಜನ ನನ್ನ ಕಾಲನ್ನು ನೋಡಿದರು. ಯಾರಿಗೂ ನಗು ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಕ್ಕ "ಬಂತು" ಎಂದಳು. ಮೊಬೈಲುಗಳು ಒಟ್ಟಿಗೆ ಕಿಣಿಕಿಣಿ ಅಂದವು. ಜನ ಉಸಿರು ಬಿಟ್ಟು ಒಳಗೆ ಹೋಗಲು ತಿರುಗಿದರು.

ಆಗ ನೆಟ್ ಮತ್ತೆ ಹೋಯಿತು. ಈ ಸಲ ನಾನು ಅಂಗಳದಲ್ಲಿದ್ದೆ, ಎರಡೂ ಕಾಲು ಎಲ್ಲರ ಕಣ್ಣೆದುರಿಗೇ ಇದ್ದವು.

ಅಕ್ಕ ಯಂತ್ರ ಜೋಡಿಸಿ ನೋಡಿದಳು. ಗೆರೆ ರುದ್ರಭೂಮಿಯವರೆಗೆ ಹೋಗಿ, ಅಲ್ಲಿ ನೆಟ್ಟಗೆ ಕೆಳಗೆ ಬಿದ್ದಿತ್ತು. ಎಲ್ಲರೂ ಅತ್ತ ನಡೆದೆವು. ಸಂಜೆಯ ಬಿಸಿಲು ಓರೆಯಾಗಿತ್ತು, ಗೋವಿನಜೋಳದ ಗರಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಮಾಧಿಗಳ ಸಾಲಿನ ಕೊನೆಯಲ್ಲಿ ಹೊಸ ಮಣ್ಣಿನ ಗುಡ್ಡೆ. ಅದರ ಹಿಂದಿನಿಂದ ಒಂದು ತಲೆ ಮೇಲೆದ್ದಿತು. ನಾನು ಕಿರುಚಿದ್ದು ಹಂಸಭಾವಿಗೆ ಕೇಳಿರಬೇಕು.

ಅದು ಕುಣಿ ತೋಡುವ ದುರ್ಗಪ್ಪ. ಬೆವರೊರೆಸಿಕೊಂಡು ಚನ್ನಬಸಪ್ಪನವರನ್ನು ಕೇಳಿದ: "ಈ ಸಲ ಯಾರ್ರೀ ಗೌಡ್ರ?"

"ಯಾರೂ ಇಲ್ಲೋ! ನಿನಗ ಹೇಳಿದವ್ರ ಯಾರು?"

"ಹೇಳೂದೇನ್ರಿ? ವಿಡಿಯೋ ನೋಡಾಕತ್ತಿದ್ದೆ, ನಿಂತು ಗರಗರ ತಿರುಗಾಕತ್ತು. ನೆಟ್ ಹೋತಂದ್ರ ನನಗ ಕೆಲಸ ಬಂತು ಅಂತಲ್ರಿ? ಲಗೂನ ಬಂದು ಹಿಡಕೊಂಡೆ." ಅವನ ಕೈಯಲ್ಲಿ ಕಡಿದ ಕೇಬಲ್ಲಿನ ತುದಿಯಿತ್ತು.

ಚನ್ನಬಸಪ್ಪನವರು ಬಾಗಿ ಕುಣಿಯೊಳಗೆ ನೋಡಿದರು. "ತೆಗೆದ ಕುಣಿ ಖಾಲಿ ಬಿಡಾಕ ಬರೂದಿಲ್ಲಲ್ಲೋ."

ಎಲ್ಲರೂ ನನ್ನ ಕಡೆ ನೋಡಿದರು. "ನಂದು ಆಧಾರ್ ಕಾರ್ಡು ಹಾನಗಲ್ಲಿಂದರಿ, ಇಲ್ಲಿ ನಡಿಯೂದಿಲ್ಲ" ಎಂದೆ. ದುರ್ಗಪ್ಪ ನನ್ನ ಎತ್ತರ ಅಳೆಯುವಂತೆ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಬಿಡಿಸಿದವಳು ಅಕ್ಕ. "ಇಲ್ಲಿ ಸಾಯೂದು ಈ ವೈರು. ಅದನ್ನ ಹೂಳೂಣು. ಹೊಸ ಲೈನು ರಸ್ತಾ ಗುಂಟ ಕಂಬದ ಮ್ಯಾಲ ನಾ ಎಳಿಸ್ತೇನಿ, ಪಂಚಾಯ್ತಿ ಒಪ್ಪಿಗಿ ಕೊಡ್ರಿ. ಹಂಗಾದ್ರ ಸಹಿ ಹಾಕ್ತೇನಿ, ಇಲ್ಲಂದ್ರ ಇಲ್ಲ." ಹಿರಿಯರು ಅಲ್ಲೇ ಮಾತಾಡಿಕೊಂಡು ಒಪ್ಪಿದರು. ರುದ್ರಭೂಮಿಯ ಕೇಬಲ್ಲನ್ನು ಎಳೆದು ತೆಗೆದು, ಸುರುಳಿ ಸುತ್ತಿ, ಕುಣಿಯಲ್ಲಿ ಕೂರಿಸಿದೆವು. ಗಂಗವ್ವ ತಾನೇ ಬಂದು ಅದರ ಮೇಲೆ ವಿಭೂತಿ ಹಾಕಿದಳು. ಮಣ್ಣು ಮುಚ್ಚುವಾಗ ಯಾರೋ ನಿಜವಾಗಿ ಬಿಕ್ಕಿದರು.

ವ್ಯಾನು ಹತ್ತುವಾಗ ಅಕ್ಕನ ಮುಖ ಹಗುರಾಗಿತ್ತು. ಲೆಕ್ಕವಾಗಲೇ ಶುರುವಾಗಿತ್ತು: ನಾಳೆ ಕಂಬ, ನಾಡಿದ್ದು ವೈರು, ವಾರದೊಳಗೆ ಊರಿಗೆ ನೆಟ್, ಆಮೇಲೆ ಸಹಿ. ಗಂಗವ್ವ ಬಂದು ಕಿಟಕಿ ಹಿಡಿದುಕೊಂಡಳು.

"ಹೊಸ ಲೈನು ಯಾವಾಗ ಬರತೈತಿ, ಯವ್ವಾ?"

"ಒಂದು ವಾರ ಅಷ್ಟ, ಅವ್ವಾ. ಯಾಕ?"

"ಅಲ್ಲೀಮಟ ನೆಟ್ ಇರೂದಿಲ್ಲಲ್ಲ. ಇಲ್ಲದ್ದು ಹೋಗೂದು ಹೆಂಗ? ನಾ ಹೋದ್ರ ಮಂದಿಗೆ ಹೆಂಗ ತಿಳೀಬೇಕು?" ಎಂದಳು ಮುದುಕಿ, ಬಸ್ಸಿನ ಹೊತ್ತು ಕೇಳುವಷ್ಟು ಸಹಜವಾಗಿ. "ಅದಕ್ಕ, ಲಗೂ ಹಾಕ್ರಿ. ನನಗ ತಡಾ ಆಗಾಕತ್ತೈತಿ."

ವ್ಯಾನು ಹೊರಟಿತು. ನಾನು ಹಿಂದಿನ ಗಾಜಿನಿಂದ ನೋಡಿದೆ. ಇಳಕಲ್ಲ ಸೀರೆಯುಟ್ಟ ಗಂಗವ್ವ ರಸ್ತೆಯ ನಡುವೆ ನಿಂತು, ಕಂಬಗಳು ಬರಬೇಕಾದ ಜಾಗದತ್ತ ಕಣ್ಣು ಹಾಯಿಸುತ್ತಿದ್ದಳು. ಎರಡು ದಿನದಿಂದ ನನ್ನನ್ನು "ಲಗೂ, ಲಗೂ" ಎಂದು ಅಟ್ಟಾಡಿಸಿದ್ದ ಅಕ್ಕ, ಹಂಸಭಾವಿ ಬರುವವರೆಗೂ ಎರಡನೇ ಗೇರು ದಾಟಲಿಲ್ಲ.