ಡಾಕ್ಟರು ಹಾಗೆ ಹೇಳಿರಲಿಲ್ಲ

ಗಿರಿಜಾ, ನಿನ್ನ ಎಡಗೈ ಮಣಿಕಟ್ಟು ಮಡಚದಂತಾಗಿದ್ದು ನನ್ನಿಂದ. ನಿನ್ನ ಗಂಡನಿಂದ. ಆಪರೇಷನ್ ಸರಿಯಾಗಿಯೇ ಆಗಿತ್ತು.

ಆರು ವರ್ಷದ ಹಿಂದೆ ವನಗೂರಿನ ಇಳಿಜಾರಿನಲ್ಲಿ ನೀನು ಕಾಲು ಜಾರಿ, ಕೈಯೂರಿ ಬಿದ್ದೆ. ಉಳುಕು ಎಂದುಕೊಂಡು ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ಜೀಪು ಓಡಿಸಿದೆ. ಕೊನೆಗೆ ಹಾಸನದಲ್ಲಿ ನಿನ್ನ ಸೊಂಟದಿಂದಲೇ ಮೂಳೆಯ ಚೂರು ತೆಗೆದು, ಕೂಡದೇ ಉಳಿದಿದ್ದ ಮಣಿಕಟ್ಟಿನ ಮೂಳೆಗೆ ಕೂರಿಸಿದರು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಚಿತ್ರಗಳಿದ್ದ ಒಂದು ಹಾಳೆ ಕೊಟ್ಟರು — ಮೂಳೆ ಕೂಡಿದೆ, ಇನ್ನು ದಿನಾ ಕೈ ಆಡಿಸಬೇಕು, ವಾರಕ್ಕೊಮ್ಮೆ ಕರೆತರಬೇಕು, ತಡಮಾಡಿದರೆ ಕೀಲು ಬಿಗಿದುಕೊಳ್ಳುತ್ತದೆ ಎಂದರು. ಒಳಗೆ ನರ್ಸ್ ನಿನ್ನ ಕೈ ಒರೆಸುತ್ತಿದ್ದಳು. ನಾನು ಆ ಹಾಳೆಯನ್ನು ಹರಿದು ಕಸದ ಡಬ್ಬಿಗೆ ಹಾಕಿದೆ.

ಬಸ್ಸಿನಲ್ಲಿ ನಿನಗೆ ಹೇಳಿದೆ: "ಆರು ತಿಂಗ್ಳು ಕೈ ಆಡಿಸ್ಲೇಬಾರ್ದಂತೆ ಕಣೇ. ಕೂರ್ಸಿರೋ ಮೂಳೆ ಕಳಚ್ಕಂಬುಡ್ತದಂತೆ."

ನೀನು ನಂಬಿದೆ.

ನಾನು ಯಾಕೆ ಹಾಗೆ ಮಾಡಿದೆ? ಎಸ್ಟೇಟಿನ ಆಳುಗಳನ್ನು ಕೂರಿಸಿಕೊಂಡು ಆ ಕಡಿದಾದ ದಾರಿಯಲ್ಲಿ ನೀನು ಜೀಪು ಹತ್ತಿಸುವುದನ್ನು ಊರೇ ಮೆಚ್ಚುತ್ತಿತ್ತು. ನಾನು — ಅದೇ ಎಸ್ಟೇಟಿನ ಸ್ಟೋರಿನ ಬಾಗಿಲು ಕಾಯುವವನು — 'ಜೀಪಮ್ಮನ ಗಂಡ' ಆಗಿದ್ದೆ. ತಪ್ಪನ್ನು ಹಾಗೆ ಕರೆದವರ ತಲೆಗೆ ಕಟ್ಟಿದರೆ ಅದೂ ಇನ್ನೊಂದು ಸುಳ್ಳು. ನೀನು ಮನೆಯಲ್ಲಿ ಬಿದ್ದಿರಬೇಕಿತ್ತು ನನಗೆ. ಅಷ್ಟೇ. ಥೂ, ನನ್ನ ಜನ್ಮಕ್ಕೆ!

ಆರು ತಿಂಗಳಾದ ಮೇಲೆ ನೀನು ಜೀಪು ಹತ್ತಿ ಗೇರಿಗೆ ಕೈ ಹಾಕಿದೆ. ಮಣಿಕಟ್ಟು ಮಿಸುಕಲಿಲ್ಲ. ಮೊಣಕೈಯಿಂದ ತಳ್ಳಿದೆ, ಭುಜ ಕೊಟ್ಟು ತಳ್ಳಿದೆ... ಕೆಳಗಿಳಿದು ಬಂದು, "ನನ್ ಮೈಯೇ ಸರಿಯಿಲ್ಲ ಬುಡಿ, ಜೀಪು ಮಾರ್ಬುಡಾನ" ಅಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಸಕಲೇಶಪುರದಲ್ಲಿ ಹೊಸ ಡಾಕ್ಟರಮ್ಮ ನಿನ್ನ ಕೈ ಹಿಡಿದು ನೋಡಿ ಗದರಿದರು: "ವ್ಯಾಯಾಮ ಮಾಡ್ದೆ ಹಿಂಗೆ ಬಿಟ್ಕೊಂಡಿದ್ದೀರಲ್ಲ, ನಿಮ್ದೇ ತಪ್ಪು."

ನೀನು ತಲೆ ತಗ್ಗಿಸಿದೆ. "ಆಡಿಸ್ಬಾರ್ದು ಅಂದಿದ್ರಲ್ಲ ಮೇಡಂ..." ಎಂದು ನನ್ನ ಕಡೆ ನೋಡಿದೆ — ಸಾಕ್ಷಿ ಹೇಳಲಿ ಎಂದು. ನಾನು ಹೂಂಗುಟ್ಟಿದೆ. ಆ ನಾಲಿಗೆಯನ್ನು ಕಿತ್ತೆಸೆಯಬೇಕು!

ಇನ್ನು ನಿನ್ನ ಮಣಿಕಟ್ಟು ಪೂರ್ತಿ ಮಡಚುವುದಿಲ್ಲವಂತೆ. ಇದನ್ನು ಓದಿದ ಮೇಲೆ ನೀನು ಬಯ್ಯಿ, ಬಿಟ್ಟು ಹೋಗು — ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಸೋಮವಾರ, ಪಾಳ್ಯದಿಂದ ನಿನ್ನ ಅಣ್ಣನನ್ನೂ ಕರೆಸಿ, ಆ ಡಾಕ್ಟರಮ್ಮನ ಎದುರಿಗೇ ತಪ್ಪು ಯಾರದೆಂದು ಹೇಳುತ್ತೇನೆ. ನೀನು ಬರದಿದ್ದರೂ ಹೋಗಿ ಹೇಳುತ್ತೇನೆ.