ಮನೆಯವರ ಕೋಣೆಯಲ್ಲಿ ಮೂರು ವಾರ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಹಾಸಿಗೆ ಬಟ್ಟೆ ಮಡಚಿದವಳು ಅವಳು. ನೆಲಮಾಳಿಗೆಯ ಆ ಕೋಣೆಗೆ ಕಿಟಕಿಯಿಲ್ಲ. ಯಂತ್ರಗಳ ಹಬೆ ಗೋಡೆಯ ಮೇಲೆ ಹನಿಯಾಗಿ ಇಳಿಯುತ್ತದೆ. ಹೊತ್ತು ಎಷ್ಟಾಯಿತೆಂದು ತಿಳಿಯುವುದು ಬಂದು ಬೀಳುವ ಬಟ್ಟೆಯಿಂದಲೇ. ಆಪರೇಷನ್ ಕೋಣೆಯ ಹಸಿರು ಬಟ್ಟೆ ಬಂತೆಂದರೆ ಮಧ್ಯಾಹ್ನ. ಎಲ್ಲರ ಬಾಯಲ್ಲೂ ಅವಳು ಲಾಂಡ್ರಿ ಅಕ್ಕ. ಲಾಂಡ್ರಿ ಅಕ್ಕನ ನೀರಿನ ಬಾಟಲಿಯಲ್ಲಿ ನೀರು ಅರ್ಧವೇ ಎಂಬುದು ಜೊತೆಯವರಿಗೆ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವಳು ಮಡಚಿದ ಚಾದರದ ಅಂಚು ಒಂದು ದಿನವೂ ಸೊಟ್ಟಗಾದದ್ದಿಲ್ಲವಲ್ಲ.

ಒಂದು ಭಾನುವಾರ ಮೊಮ್ಮಗನನ್ನು ನೋಡಿಕೊಳ್ಳುತ್ತ ನಿದ್ದೆ ಹೋದಳು. ಅದು ಬರೀ ನಿದ್ದೆಯಲ್ಲವೆಂದು ಅವಳಿಗೂ ಗೊತ್ತು. ಮಗಳು ಬಂದಾಗ ಬಾಗಿಲು ತೆರೆದಿತ್ತು. ಮಗು ಮೆಟ್ಟಿಲ ತುದಿಯಲ್ಲಿ ಕೂತು ಚಪ್ಪಲಿ ಕಚ್ಚುತ್ತಿತ್ತು. ಮಗಳು ಕೂಗಾಡಲಿಲ್ಲ.

"ನೀನು ಕುಡಿಯೋದು ಬಿಡೋವರೆಗೂ ಇವನನ್ನ ನಿನ್ನ ಕೈಗೆ ಕೊಡಲ್ಲಮ್ಮ," ಎಂದಳು, ಅಷ್ಟೇ.

ಬಿಡಲು ನೋಡಿದಳು. ನಾಲ್ಕು ದಿನ, ಮತ್ತೊಮ್ಮೆ ಆರು ದಿನ, ಆಮೇಲೆ ಒಂದೇ ದಿನ. ಕಡೆಗೆ ಔಷಧಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ ಸಭೆ. ಗುರುವಾರ ಸಂಜೆ ಆರು. ಗ್ರಂಥಾಲಯದ ಹಿಂದಿನ ಕಟ್ಟಡ. ಇಷ್ಟನ್ನು ಓದಿ ಮುಗಿಸಲು ಮೂರು ದಿನ ಬೇಕಾಯಿತು. ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ಕೆಮ್ಮಿನ ಔಷಧಿ ಕೇಳಿ ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಮೂರು ಸೀಸೆ ಔಷಧಿ ಸೇರಿತು, ಕೆಮ್ಮು ಯಾರಿಗೂ ಇರಲಿಲ್ಲ.

ಗುರುವಾರ ಹೋದಳು. ಓಣಿಯಂಥ ಹಾದಿ, ಎದುರುಬದುರಾಗಿ ಎರಡು ಬಾಗಿಲು. ಎಡಗಡೆಯ ಕೋಣೆಯ ತುಂಬ ಗಂಡಸರು. ಬಾಗಿಲಲ್ಲಿ ನಿಂತಿದ್ದವನು ನಿವೃತ್ತ ಬಸ್ ಡ್ರೈವರ್, ಹನ್ನೊಂದು ವರ್ಷದಿಂದ ಕುಡಿಯದವನು. ಅವಳ ಮುಖ ನೋಡಿ ದನಿ ತಗ್ಗಿಸಿದ.

"ಬನ್ನಿ ಅಕ್ಕ. ಯಜಮಾನ್ರು ಬರ್ಲಿಲ್ವಾ? ಪರವಾಗಿಲ್ಲ, ಮೊದಲು ಹೆಂಗಸರೇ ಬರೋದು. ಮನೆಯವರ ಕೋಣೆ ಆ ಕಡೆ."

ಅವಳು ಬಾಯಿ ತೆರೆದಳು. ಮಾತಿನ ಜೊತೆ ವಾಸನೆಯೂ ಬಂದೀತೆಂದು ಮುಚ್ಚಿದಳು. ಬಲಗಡೆಗೆ ಹೋಗಿ ಕೂತಳು.

ಅಲ್ಲಿದ್ದವರು ಕುಡಿಯುವವರ ಹೆಂಡಂದಿರು, ತಾಯಂದಿರು. ಅವರಿಗೆಲ್ಲ ಹಿರಿಯಳಂತಿದ್ದ ಟೈಲರ್ ಹೆಂಗಸು ಕೇಳಿದಳು: "ನಿಮ್ಮೋರು ಎಷ್ಟು ವರ್ಷದಿಂದ?"

"ಹದಿನಾಲ್ಕು."

"ಎಲ್ಲಿ ಬಚ್ಚಿಡ್ತಾರೆ?"

"ಅಡುಗೆಮನೇಲಿ. ಹಿಟ್ಟಿನ ಡಬ್ಬದ ಹಿಂದೆ."

"ಅಯ್ಯೋ, ನಮ್ಮೋರಿಗೆ ಅಡುಗೆಮನೆ ಯಾವ ಕಡೆ ಇದೆ ಅಂತಾನೇ ಗೊತ್ತಿಲ್ಲ! ನಿಮ್ಮೋರೇ ವಾಸಿ ಬಿಡಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಹೀಗೆ ಮೂರು ಗುರುವಾರ ಅವಳು ತನ್ನದೆಲ್ಲವನ್ನೂ ಗಂಡನ ಲೆಕ್ಕಕ್ಕೆ ಹಾಕಿ ಹೇಳಿದಳು. ನಡುಗುವ ಬೆಳಗುಗಳು, ಕೊಟ್ಟು ಮುರಿದ ಮಾತುಗಳು, ಮೆಟ್ಟಿಲ ಮೇಲಿನ ಮಗು. ಒಂದು ಸಂಗತಿಯೂ ಸುಳ್ಳಲ್ಲ, ಮಾಡಿದವರು ಮಾತ್ರ ಬೇರೆ. ಗಂಡ ಗಡಿಯಾರ ರಿಪೇರಿಯವನು. ಮನೆಯಲ್ಲಿ ಸೀಸೆ ಕೈಗೆ ಸಿಕ್ಕರೆ ಇದ್ದಲ್ಲೇ ಇಟ್ಟು, ಏನೂ ಕಾಣದವನಂತೆ ಹೋಗಿಬಿಡುತ್ತಿದ್ದ. ಆ ಹೆಂಗಸರು ಅವಳ ಬೆನ್ನು ಸವರಿ, ಪಾಪ ಎಂದು ಕಳಿಸುತ್ತಿದ್ದರು. ಆ ಪಾಪವನ್ನು ಹೊತ್ತು ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಸೋತಿರುತ್ತಿತ್ತು. ಬಂದವಳೇ ಕುಡಿಯುತ್ತಿದ್ದಳು.

ಮೂರನೆಯ ವಾರ ಟೈಲರ್ ಖಡಾಖಂಡಿತವಾಗಿ ಹೇಳಿದಳು: "ಮುಂದಿನ ವಾರ ಎಳ್ಕೊಂಡು ಬಾ. ಬರಲ್ಲ ಅಂದ್ರೆ ನಾವೇ ನಾಲ್ಕು ಜನ ಮನೆಗೆ ಬರ್ತೀವಿ. ಇಲ್ಲಿ ಹಾಗೇ ಮಾಡೋದು."

ಮನೆಗೆ ಬಂದರೆ ಏನು ಗತಿ? "ಗುರುವಾರ ನನ್ನ ಜೊತೆ ಒಂದು ಕಡೆ ಬರ್ತೀರಾ?" ಎಂದು ಗಂಡನನ್ನು ಕೇಳಿದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಆ ದಿನ ಅಂಗಡಿ ಬೇಗ ಮುಚ್ಚಿ ಬಂದ. ದಾರಿಯಲ್ಲಿ ಹೇಳೋಣವೆಂದುಕೊಂಡಿದ್ದಳು. ಬಸ್ಸಿನಲ್ಲಿ ಜನ, ಇಳಿದ ಮೇಲೆ ಗದ್ದಲ, ಆಮೇಲೆ ಬಾಗಿಲೇ ಬಂದುಬಿಟ್ಟಿತು.

"ಬಂದ್ರಲ್ಲ ಯಜಮಾನ್ರೇ! ಬರೋದೇ ಕಷ್ಟ, ಅದು ಮುಗೀತು," ಎಂದು ಡ್ರೈವರ್ ಅವನ ಕೈ ಹಿಡಿದು ಎಡಗಡೆಗೆ ಕರೆದೊಯ್ದ. ಗಂಡ ಒಮ್ಮೆ ತಿರುಗಿ ನೋಡಿದ. ಅವಳು ತಲೆ ತಗ್ಗಿಸಿದಳು.

ಸೆಕೆಗೆ ಎರಡೂ ಬಾಗಿಲು ತೆರೆದಿದ್ದವು. ಬಲಗಡೆ ಕೂತವಳಿಗೆ ಎಲ್ಲವೂ ಕೇಳುತ್ತಿತ್ತು.

"ಹೊಸಬರು ಏನಾದ್ರೂ ಹೇಳ್ತೀರಾ?" ಡ್ರೈವರನ ದನಿ.

ಆಮೇಲೆ ಗಂಡನ ದನಿ ಬಂತು, ಗಿರಾಕಿಗೆ ಉತ್ತರ ಕೊಡುವಷ್ಟೇ ಮೆತ್ತಗೆ. "ನನಗೆ ಮಾತಾಡೋಕೆ ಬರಲ್ಲ. ನನ್ನ ಹೆಂಡತಿ ಏನು ಹೇಳಿದಾಳೋ ಅದೇ ಸರಿ."

ಯಾರೋ ಚಪ್ಪಾಳೆ ತಟ್ಟಿದರು. ಟೈಲರ್ ಅವಳ ಕೈ ಅದುಮಿದಳು. "ನೋಡು, ಒಪ್ಕೊಂಡ್ರು! ಎಂಥ ಒಳ್ಳೆ ಮನುಷ್ಯ."

ಅವಳು ಎದ್ದಳು. ಆರು ಹೆಜ್ಜೆಯ ದಾರಿ. ಎಡಗಡೆಯ ಬಾಗಿಲಲ್ಲಿ ನಿಂತು ಚೌಕಟ್ಟು ಹಿಡಿದುಕೊಂಡಳು.

"ಅವರು ಒಂದು ದಿನಾನೂ ಕುಡಿದಿಲ್ಲ. ಕುಡಿಯೋದು ನಾನು," ಎಂದಳು. "ಇವತ್ತೂ ಕುಡಿದೇ ಬಂದಿದೀನಿ."

ಖಾಲಿ ಕುರ್ಚಿ ಇರಲಿಲ್ಲ. ಗಂಡ ಎದ್ದು ತನ್ನದನ್ನು ಬಿಟ್ಟುಕೊಟ್ಟು ಹೊರಗೆ ಬಂದ. ಎಲ್ಲಿಗೆ ಹೋಗುವುದೆಂದು ತೋಚದೆ ಗೋಡೆಗೆ ಒರಗಿ ನಿಂತ. ಎದುರಿನ ಬಾಗಿಲಿಗೆ ಬಂದಿದ್ದ ಟೈಲರ್ ಅವನನ್ನೇ ಒಂದು ಗಳಿಗೆ ನೋಡಿದಳು.

"ಅಲ್ಯಾಕೆ ನಿಂತ್ರಿ ಅಣ್ಣ? ನಿಮ್ಮ ಜಾಗ ಇಲ್ಲಿ. ಬನ್ನಿ."

ಡ್ರೈವರ್ ಕೈ ಹಿಸುಕಿಕೊಳ್ಳುತ್ತಿದ್ದ. "ನಾನೇ ಆ ಕಡೆ ಕಳಿಸಿದ್ದು ಅಕ್ಕ, ನನ್ನದೇ ತಪ್ಪು," ಎಂದ. ಆಮೇಲೆ ಹೊಸಬರನ್ನೆಲ್ಲ ಕೇಳುವಂತೆ ಅವಳನ್ನೂ ಕೇಳಿದ: "ಬಿಟ್ಟು ಎಷ್ಟು ದಿನ ಆಯ್ತು?"

"ಇನ್ನೂ ಬಿಟ್ಟಿಲ್ಲ."

"ಸರಿ. ಕೂತ್ಕೊಳ್ಳಿ," ಎಂದ.